ಬಿಟ್ಟುಕೊಟ್ಟ ಆನೆ

ಬಸವೇಶ್ವರನಗರದ ಮುನಿರಾಜು ಅವರ ಮನೆಯ ಹಿಂದಿನ ಪೋರ್ಷನ್ನಿಗೆ ಬಾಡಿಗೆಗೆ ಬಂದ ಹೊಸದರಲ್ಲೇ ಬೆಟ್ಟಯ್ಯ ಒಂದು ತೀರ್ಮಾನ ಮಾಡಿಕೊಂಡಿದ್ದ. ಓನರ್ ಜೊತೆ ಚೆಸ್ ಆಡಿದರೆ ಗೆಲ್ಲಬಾರದು.

ಈ ತೀರ್ಮಾನವನ್ನು ಅವನು ಮಾಡಿದ್ದು ಅವರ ಕೈಲಿ ಮೊದಲ ಆಟ ಸೋತ ಮೇಲೆ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಸೋತ ಸಂಜೆ ತನ್ನ ಬಾಗಿಲ ತನಕ ನಡೆದುಬರುವಷ್ಟರಲ್ಲಿ ಸೋಲಿನ ಕಾರಣ ಅವನಿಗೆ ಹೊಳೆದಿತ್ತು. ನಲ್ಲಿ ನೀರು ಒಂದು ದಿನ ಬಂದರೆ ಒಂದು ದಿನ ಇಲ್ಲ. ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟರಿನ ಸ್ವಿಚ್ಚು ಇರುವುದು ಓನರ್ ಮನೆಯೊಳಗೆ. ಭಾನುವಾರ ಸಂಜೆ ಟೀವಿ ಸಿನಿಮಾ ನೋಡಲು ಹೆಂಡತಿ ತುಂಗಾ ಹೋಗಿ ಕೂರುವುದು ಅವರ ಹಾಲಿನಲ್ಲಿ. ಇಂಥ ಪರಿಸ್ಥಿತಿಯಲ್ಲಿ ಬುದ್ಧಿವಂತನಾದವನು ಏನು ಮಾಡುತ್ತಾನೆ? ಸೋಲುತ್ತಾನೆ. ಬೆಟ್ಟಯ್ಯನಿಗೆ ತಾನು ಬುದ್ಧಿವಂತ ಎಂಬುದರಲ್ಲಿ ಯಾವ ಅನುಮಾನವೂ ಇರಲಿಲ್ಲ.

"ನಾನೇ ಬಿಟ್ಕೊಟ್ಟೆ ಕಣೇ," ಎಂದು ಅವತ್ತು ತುಂಗಾಳಿಗೆ ಹೇಳಿದ. "ಹೊಸ ಮನೆ. ಮೊದ್ಲ ದಿನಾನೇ ಓನರ್ ಮುಖ ಕೆಡಿಸೋದು ಯಾಕೆ."

ಅಲ್ಲಿಂದ ಮೂರು ವರ್ಷ ಅವನು ಬಿಟ್ಟುಕೊಡುತ್ತಲೇ ಬಂದ.

ಮುನಿರಾಜು ಐವತ್ತು ದಾಟಿದವರು. ಈಗ ಲೇಔಟ್ ಆಗಿರುವ ಕಡೆ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರು. ಹೊಲ ಹೋಗಿ ಸೈಟುಗಳು ಬಂದವು, ಸೈಟುಗಳ ಮೇಲೆ ಮನೆಗಳು ಎದ್ದವು, ಮುನಿರಾಜು ಮೇನ್ ರೋಡಿನಲ್ಲಿ ಪೈಪು, ಮೊಳೆ, ಸಿಮೆಂಟು ಮಾರುವ ಅಂಗಡಿ ಇಟ್ಟರು. ಸಂಜೆ ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು ಬಂದು, ಲುಂಗಿ ಸುತ್ತಿಕೊಂಡು, ಜಗಲಿಯ ಮೇಲೆ ಬೋರ್ಡು ಹಾಸುತ್ತಿದ್ದರು. ಒಂದು ಕೈಯಲ್ಲಿ ಕಡಲೆಕಾಯಿ ಬಿಡಿಸುತ್ತ ಇನ್ನೊಂದು ಕೈಯಲ್ಲಿ ಕಾಯಿ ನಡೆಸುವವರು. ಆಟದ ನಡುವೆ ಮಾತು ಕಡಿಮೆ. ಗೆದ್ದಾಗ ನಗುವುದೂ ಇಲ್ಲ. ಸಿಪ್ಪೆಗಳನ್ನು ಒಟ್ಟು ಮಾಡಿ, "ಇನ್ನೊಂದು ಹಾಕೋಣ್ವಾ ಬೆಟ್ಟಯ್ಯನೋರೆ?" ಎನ್ನುವರು, ಅಷ್ಟೆ.

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಬೆಟ್ಟಯ್ಯ ಸ್ಟೋರ್ಸ್ ಗುಮಾಸ್ತ. ಅವನ ತ್ಯಾಗದ ಕಥೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೇ ಹೇಳಿದ್ದರಿಂದ. ಪಕ್ಕದ ಮೇಜಿನ ಚಿಕ್ಕಹನುಮಯ್ಯ ಅದನ್ನು ಕೇಳಿ ತಲೆದೂಗಿದ್ದ. "ಓನರ್‌ಗೆ ಗೊತ್ತಾಗದ ಹಾಗೆ ಸೋಲೋದು ಇದೆಯಲ್ಲ ಗುರು, ಅದು ಗೆಲ್ಲೋದಕ್ಕಿಂತ ಕಷ್ಟ," ಎಂದಿದ್ದ. ಬೆಟ್ಟಯ್ಯ ವಿನಯದಿಂದ ಒಪ್ಪಿಕೊಂಡಿದ್ದ. ಹೇಗೆ ಸೋಲಬೇಕೆಂಬುದನ್ನು ಅವನು ಊಟದ ಬಿಡುವಿನಲ್ಲಿ ವಿವರಿಸುತ್ತಿದ್ದುದೂ ಉಂಟು. ಮೊದಲು ಸ್ವಲ್ಪ ಹೊತ್ತು ಚೆನ್ನಾಗಿ ಆಡಬೇಕು. ಆಮೇಲೆ ಗಂಟಲು ಸರಿ ಮಾಡಿಕೊಳ್ಳಬೇಕು. ಎಲ್ಲೋ ನೋಡುತ್ತ ಒಂದು ಕುದುರೆಯನ್ನೋ ಒಂಟೆಯನ್ನೋ ದಿಕ್ಕಿಲ್ಲದ ಮನೆಯಲ್ಲಿ ಇಡಬೇಕು. ಎದುರಿನವರು ಅದನ್ನು ಹೊಡೆದಾಗ ಹಣೆ ಚಚ್ಚಿಕೊಳ್ಳಬೇಕು. ತಾನು ಹಣೆ ಚಚ್ಚಿಕೊಂಡದ್ದೆಲ್ಲ ನಟನೆಯೇ ಎಂದು ಅವನು ಮನಸಾರೆ ನಂಬಿದ್ದ.

ವಿಜಯನಗರದ ಲೈಬ್ರರಿಯೊಂದರ ಮಹಡಿಯಲ್ಲಿ ಚದುರಂಗ ಬಳಗ ಅಂತ ಒಂದು ಕ್ಲಬ್ಬಿತ್ತು. ಓನರೂ ಬಾಡಿಗೆದಾರನೂ ಇಬ್ಬರೂ ಅದರ ಸದಸ್ಯರು. ಅಲ್ಲಿ ಬೆಟ್ಟಯ್ಯ ಮಿಕ್ಕವರ ಜೊತೆ ಆಡಿ ಗೆದ್ದದ್ದುಂಟು, ಸೋತದ್ದುಂಟು. ಗೆದ್ದರೆ ತಲೆಯ ಬಲದಿಂದ, ಸೋತರೆ ತಲೆನೋವಿನಿಂದ. ಬಳಗದವರು ವರ್ಷಕ್ಕೊಮ್ಮೆ ಆಷಾಢದಲ್ಲಿ ಟೂರ್ನಮೆಂಟ್ ನಡೆಸುತ್ತಿದ್ದರು. ಆ ತಿಂಗಳು ಮದುವೆಗಳಿರುವುದಿಲ್ಲವಾದ್ದರಿಂದ ಆರ್‌ಪಿಸಿ ಲೇಔಟಿನ ಕಲ್ಯಾಣ ಮಂಟಪದ ಊಟದ ಹಾಲು ಸಲೀಸಾಗಿ ಸಿಗುತ್ತಿತ್ತು. ಎಂಬತ್ತಾರನೇ ಇಸವಿಯ ಟೂರ್ನಮೆಂಟಿಗೆ ಶನಿವಾರ ಸಂಜೆ ಚೀಟಿ ಎತ್ತಿದಾಗ ಮೊದಲನೇ ಸುತ್ತಿನಲ್ಲಿ ಬೆಟ್ಟಯ್ಯನ ಎದುರು ಬಂದ ಹೆಸರು ಮುನಿರಾಜು ಅವರದು.

ಅವನು ಮನೆಗೆ ಬಂದಾಗ ತುಂಗಾ ಮೊರದ ಮುಂದೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಸುದ್ದಿ ಕೇಳಿ ಕೈ ನಿಲ್ಲಿಸದೆ, "ಹಂಗಾದ್ರೆ ನಾಳೇನೂ ಬಿಟ್ಕೊಡ್ತೀರಾ?" ಎಂದಳು.

"ಟೂರ್ನಮೆಂಟ್ ಅಂದ್ರೆ ಬೇರೆ ಕಣೇ. ಅಲ್ಲಿ ಬಿಟ್ಕೊಟ್ರೆ ಆಟಕ್ಕೇ ಅವಮಾನ."

"ಅಂದ್ರೆ ಗೆಲ್ತೀರಾ."

"ಗೆಲ್ಲಲೇಬೇಕಾಗುತ್ತೆ. ಬೇರೆ ದಾರಿ ಇಲ್ಲ." ಬೆಟ್ಟಯ್ಯ ಚಾಪೆಯ ಮೇಲೆ ಕೂತು ದನಿ ತಗ್ಗಿಸಿದ. "ಅವ್ರು ಹೆಂಗೆ ತಗೋತಾರೋ ಗೊತ್ತಿಲ್ಲ. ಮೂರು ವರ್ಷದಿಂದ ಗೆದ್ದು ಅಭ್ಯಾಸ ಆಗಿರೋ ಮನುಷ್ಯ. ನೀನು ಮನೆ ಖಾಲಿ ಮಾಡೋಕೂ ಸಿದ್ಧವಾಗಿರು. ಬೇಕಾದ್ರೆ ಗೋವಿಂದರಾಜನಗರದಲ್ಲಿ ಮನೆ ನೋಡೋಣ."

"ಮೊದ್ಲು ಗೆಲ್ಲಿ, ಆಮೇಲೆ ಮನೆ ನೋಡೋಣ," ಎಂದು ಅವಳು ದಂಟುಗಳನ್ನು ಒಂದು ಕಡೆ ಇಟ್ಟಳು. ಅವಳ ಮುಖದಲ್ಲಿ ಗಾಬರಿಯ ಸುಳಿವೇ ಇಲ್ಲದ್ದು ಬೆಟ್ಟಯ್ಯನಿಗೆ ಕೊಂಚ ಬೇಸರ ತಂದಿತು. ಪಾಪ, ಹೆಂಗಸಿಗೆ ಪರಿಣಾಮದ ಅರಿವಿಲ್ಲ ಅಂದುಕೊಂಡ.

ಮಾರನೆಯ ಬೆಳಿಗ್ಗೆ ಅವನು ಬಸ್ಸಿಗೆಂದು ಹೊರಟಾಗ ಮುನಿರಾಜು ಗೇಟಿನ ಬಳಿ ಸ್ಕೂಟರನ್ನು ವಾಲಿಸಿ ಒದೆಯುತ್ತಿದ್ದರು. "ಬನ್ನಿ ಬೆಟ್ಟಯ್ಯನೋರೆ, ಇಬ್ರೂ ಹೋಗೋದು ಒಂದೇ ಕಡೆಗೆ," ಎಂದರು. ಯುದ್ಧಕ್ಕೆ ಹೊರಟವನು ಶತ್ರುವಿನ ರಥದಲ್ಲೇ ಹಿಂದೆ ಕೂತು ಹೋಗುವುದು ಬೆಟ್ಟಯ್ಯನಿಗೆ ಸರಿಕಾಣಲಿಲ್ಲ. ಆದರೆ ಭಾನುವಾರದ ಬಸ್ಸುಗಳನ್ನು ನೆನೆದು ಹತ್ತಿ ಕೂತ. ಅಷ್ಟರಲ್ಲಿ ಮುನಿರಾಜು ಅವರ ಹೆಂಡತಿ ಮುನಿಲಕ್ಷ್ಮಮ್ಮ ಗಂಡನ ಕನ್ನಡಕದ ಡಬ್ಬಿ ಹಿಡಿದು ಹೊರಗೆ ಬಂದರು. ಅದನ್ನು ಅವರ ಜೇಬಿಗೆ ತುರುಕುತ್ತ, ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು ಸಾಕಷ್ಟು ಗಟ್ಟಿಯಾಗಿಯೇ ಹೇಳಿದರು:

"ಪಾಪ, ಇವತ್ತಾದ್ರೂ ಆವಪ್ಪನ್ನ ಗೆಲ್ಲಿಸ್ರಿ. ಮೂರು ವರ್ಷದಿಂದ ಸೋತೂ ಸೋತೂ ಮುಖ ಸಣ್ಣ ಆಗೋಗಿದೆ."

ಮುನಿರಾಜು "ಹೂಂ ಹೂಂ" ಎಂದು ಗೇರು ಹಾಕಿದರು.

ಮಾಗಡಿ ರೋಡು ದಾಟುವ ತನಕ ಬೆಟ್ಟಯ್ಯನ ಕಿವಿಯಲ್ಲಿ ಅದೇ ಮಾತು ಗುಂಯ್‌ಗುಡುತ್ತಿತ್ತು. ಮುಖ ಸಣ್ಣ ಆಗಿದೆಯಂತೆ. ಈ ಮನೆಯ ನೆಮ್ಮದಿಗಾಗಿ ತಾನು ಪಟ್ಟ ಪಾಡು ಇವರ ಕಣ್ಣಿಗೆ ಹೀಗೆ ಕಂಡಿತಲ್ಲ. ಇವತ್ತು ತೋರಿಸುತ್ತೇನೆ, ಎಂದು ಮುನಿರಾಜು ಅವರ ಬೆನ್ನನ್ನು ನೋಡುತ್ತ ಮನಸ್ಸಿನಲ್ಲೇ ಹೇಳಿದ. ಸ್ಕೂಟರು ಒಂದು ಗುಂಡಿಗೆ ಇಳಿದಾಗ ಅದೇ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

ಊಟದ ಹಾಲಿನಲ್ಲಿ ಪಂಕ್ತಿಯ ಉದ್ದನೆ ಟೇಬಲ್ಲುಗಳ ಮೇಲೆ ಬೋರ್ಡುಗಳನ್ನು ಜೋಡಿಸಿದ್ದರು. ಯಾವುದೋ ಹಳೆಯ ಮದುವೆಯ ಸಾಂಬಾರಿನ ವಾಸನೆ ಗೋಡೆಗಳಲ್ಲಿ ಇನ್ನೂ ಉಳಿದಿತ್ತು. ಪ್ರತಿ ಬೋರ್ಡಿನ ಪಕ್ಕ ಎರಡು ಮುಖದ ಗಡಿಯಾರ. ತನ್ನ ನಡೆ ಮುಗಿಸಿದವನು ತನ್ನ ಕಡೆಯ ಗುಂಡಿ ಒತ್ತಬೇಕು, ಆಗ ಎದುರಿನವನ ಮುಳ್ಳು ಓಡತೊಡಗುತ್ತದೆ. ಕೊಟ್ಟ ಸಮಯ ತೀರಿದರೆ ಪುಟ್ಟ ಕೆಂಪು ಬಾವುಟ ಕೆಳಗೆ ಬೀಳುತ್ತದೆ, ಆಟ ಹೋಗುತ್ತದೆ. ಮುನಿರಾಜು ಇಸ್ತ್ರಿ ಪಂಚೆಯುಟ್ಟು ಬಂದಿದ್ದರು. ಕಡಲೆಕಾಯಿ ತರಬಾರದೆಂದು ಬಳಗದವರು ಮೊದಲೇ ಹೇಳಿದ್ದರಿಂದ ಎಡಗೈಗೆ ಕೆಲಸವಿಲ್ಲದೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಬೆಟ್ಟಯ್ಯನಿಗೆ ಬಿಳಿ ಕಾಯಿ ಬಂತು. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಕೊಂಡ ರಷ್ಯಾದವರ ಪುಸ್ತಕವೊಂದರಿಂದ ಅವನು ಆಟ ಶುರುಮಾಡುವ ಒಂದು ಕ್ರಮವನ್ನು ಬಾಯಿಪಾಠ ಮಾಡಿಕೊಂಡಿದ್ದ. ಅದನ್ನು ಯಾರ ಮೇಲೂ ಹೂಡದೆ ಇಂಥದೊಂದು ದಿನಕ್ಕೆಂದೇ ಕಾದಿರಿಸಿದ್ದ. ಆ ಪುಸ್ತಕದ ಪ್ರಕಾರ ಮೂರನೆಯ ನಡೆಗೆ ಎದುರಿನವರು ಒಂಟೆ ಹೊರತರಬೇಕಿತ್ತು. ಪುಸ್ತಕ ಓದದ ಮುನಿರಾಜು ಕುದುರೆ ತಂದರು. ಬೆಟ್ಟಯ್ಯನ ರಷ್ಯಾ ಅಲ್ಲಿಗೆ ಮುಗಿಯಿತು.

ಇರಲಿ, ಸ್ವಂತ ಬುದ್ಧಿ ಇದೆಯಲ್ಲ ಅಂದುಕೊಂಡ. ಇವತ್ತು ಗಂಟಲು ಸರಿ ಮಾಡಿಕೊಳ್ಳುವಂತಿಲ್ಲ, ಎಲ್ಲೋ ನೋಡುವಂತಿಲ್ಲ. ಪ್ರತಿ ನಡೆಗೂ ಮುಂಚೆ ಕೆನ್ನೆಗೆ ಕೈ ಕೊಟ್ಟು ಯೋಚಿಸಿದ. ರಾಜನನ್ನು ಮೂಲೆಗೆ ಸೇರಿಸಿ ಭದ್ರ ಮಾಡಿದ. ಒಂಟೆಯೊಂದನ್ನು ಬೋರ್ಡಿನ ಈ ತುದಿಯಿಂದ ಆ ತುದಿಯ ಮೂಲೆಯತ್ತ ಗುರಿಯಿಟ್ಟು ನಿಲ್ಲಿಸಿದ. ಗಡಿಯಾರದ ಅರ್ಧ ಸಮಯ ಕಳೆದ ಮೇಲೆ ತಲೆಯೆತ್ತಿ ಒಟ್ಟು ಆಟವನ್ನು ಒಮ್ಮೆ ನೋಡಿದ. ಒಂದು ಪೇದೆ ಆಗಲೇ ಹೋಗಿತ್ತು. ಮಂತ್ರಿ ಓಡಾಡಲು ಜಾಗವಿಲ್ಲದೆ ಮೂಲೆಯಲ್ಲಿ ಮುದುರಿತ್ತು. ಮುನಿರಾಜು ಅವರ ಕುದುರೆ ಬೋರ್ಡಿನ ನಟ್ಟನಡುವೆ ಮನೆ ಮಾಡಿಕೊಂಡು ನಿಂತಿತ್ತು. ಜಗಲಿಯ ಮೇಲೆ ಮೂರು ವರ್ಷ ಅವನು ಪ್ರತಿ ಸಂಜೆ ನೋಡಿದ ಚಿತ್ರವೇ ಅದು. ಬೇಕೆಂದು ಸೋಲುವಾಗ ಆಟ ಹೇಗಿರುತ್ತಿತ್ತೋ, ಪ್ರಾಣ ಕೊಟ್ಟು ಗೆಲ್ಲಲು ಹೊರಟಾಗಲೂ ಹಾಗೇ ಇತ್ತು.

ಬಹುಶಃ ಅಭ್ಯಾಸಬಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೂರು ವರ್ಷ ಸೋತು ಸೋತು ಕೈ ಹಾಗೆ ಪಳಗಿದೆ. ಆದರೆ ಆ ಸಮಾಧಾನ ಅವನ ಕಿವಿಗೇ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಹೀಗಿರುವಾಗ ಮುನಿರಾಜು ಅದುವರೆಗೆ ಮಾಡದ ಒಂದು ಕೆಲಸ ಮಾಡಿದರು. ಗಂಟಲು ಸರಿ ಮಾಡಿಕೊಂಡರು. ಕಿಟಕಿಯ ಹೊರಗೆ ಯಾರೋ ಸೈಕಲ್ ಬೀಳಿಸಿಕೊಂಡ ಸದ್ದಿಗೆ ಆ ಕಡೆ ಒಂದು ಸಲ ನೋಡಿದರು. ಆಮೇಲೆ ನಡುವೆ ನಿಂತಿದ್ದ ಕುದುರೆಯನ್ನು ಎತ್ತಿ ಮುಂದಕ್ಕೆ ಹಾರಿಸಿ ಗುಂಡಿ ಒತ್ತಿದರು.

ಕುದುರೆ ಎದ್ದು ಹೋದದ್ದೇ ತಡ, ಬೆಟ್ಟಯ್ಯನ ಒಂಟೆಗೆ ಅಡ್ಡವಿದ್ದ ಗೋಡೆ ಬಿದ್ದಂತಾಯಿತು. ಓರೆಯ ದಾರಿ ಆ ತುದಿಯ ಮೂಲೆಯ ತನಕ ತೆರೆದುಕೊಂಡಿತ್ತು. ಮೂಲೆಯಲ್ಲಿ ಮುನಿರಾಜು ಅವರ ಆನೆ ಕಾವಲಿಲ್ಲದೆ ನಿಂತಿತ್ತು. ಒಂಟೆಯನ್ನು ಎತ್ತಿ ಅಲ್ಲಿಡುವುದು, ಆನೆಯನ್ನು ಪಕ್ಕಕ್ಕೆ ಇಡುವುದು. ಇಷ್ಟೇ ಕೆಲಸ. ಆನೆ ಹೋದರೆ ಮುನಿರಾಜು ಅವರ ಆಟ ಮುಗಿದಂತೆ.

ಬೆಟ್ಟಯ್ಯನ ಕೈ ಒಂಟೆಯ ತನಕ ಹೋಯಿತು. ಮುಟ್ಟಿದರೆ ಅದನ್ನೇ ನಡೆಸಬೇಕೆಂಬ ನಿಯಮ ನೆನಪಾಗಿ ಗಾಳಿಯಲ್ಲೇ ನಿಂತಿತು.

ಗಂಟಲು. ಕಿಟಕಿ. ದಿಕ್ಕಿಲ್ಲದ ಆನೆ.

ಇದು ಅವನದೇ ವಿದ್ಯೆ. ಊಟದ ಬಿಡುವಿನಲ್ಲಿ ಚಿಕ್ಕಹನುಮಯ್ಯನಿಗೆ ಅವನು ಹೇಳಿಕೊಟ್ಟದ್ದೂ ಇದೇ ಕ್ರಮದಲ್ಲಿ. ಬೆಳಿಗ್ಗೆ ಗೇಟಿನ ಬಳಿ ಮುನಿಲಕ್ಷ್ಮಮ್ಮ ಹೇಳಿದ್ದು, ಅದಕ್ಕೆ ಇವರು ಹೂಂ ಹೂಂ ಅಂದದ್ದು ಎಲ್ಲ ಸಾಲಾಗಿ ಬಂದು ಅವನ ಕಣ್ಣ ಮುಂದೆ ನಿಂತವು. ಓನರ್ ತನಗೆ ಆಟ ಬಿಟ್ಟುಕೊಡುತ್ತಿದ್ದಾರೆ. ಹೆಂಡತಿಯ ಶಿಫಾರಸಿನ ಮೇಲೆ, ಪಾಪ ಅಂತ, ದಾನ ಮಾಡುತ್ತಿದ್ದಾರೆ.

ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನುಷ್ಯನಿಗೆ ಮರ್ಯಾದೆ ಅಂತ ಒಂದಿಲ್ಲವೆ? ಎದುರಿಗೆ ಕೂತವನಿಗೆ ಗೊತ್ತಾಗುವುದಿಲ್ಲ ಅಂದುಕೊಂಡು ಹೀಗೆ ಕಾಯಿ ಬಿಟ್ಟುಕೊಡುವುದು ಎಂಥ ಅವಮಾನ. ತಾನು ಮೂರು ವರ್ಷ ಇದನ್ನೇ ಮಾಡಿದ್ದೆ ಎಂದು ಹೇಳಿಕೊಂಡು ತಿರುಗಿದ್ದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ. ಅಥವಾ ನೆನಪಾದರೂ, ಬಾಡಿಗೆದಾರ ಮಾಡಿದರೆ ಅದು ತ್ಯಾಗ, ಓನರ್ ಮಾಡಿದರೆ ಅಹಂಕಾರ ಅನ್ನಿಸಿರಬೇಕು.

ಆನೆಯನ್ನೇ ನೋಡುತ್ತ ಅವನು ಕೂತೇ ಇದ್ದ, ಗಡಿಯಾರ ಓಡುತ್ತಲೇ ಇತ್ತು. ಮುನಿರಾಜು ಒಮ್ಮೆ ಅವನ ಮುಖ ನೋಡಿ ಮತ್ತೆ ಬೋರ್ಡು ನೋಡಿದರು. ಕೊನೆಗೆ ಬೆಟ್ಟಯ್ಯ ಬೆನ್ನು ನೆಟ್ಟಗೆ ಮಾಡಿ, ಬೋರ್ಡಿನ ತೀರಾ ಅಂಚಿನಲ್ಲಿದ್ದ ಒಂದು ಪೇದೆಯನ್ನು ಎರಡು ಬೆರಳಲ್ಲಿ ಹಿಡಿದು ಒಂದು ಮನೆ ಮುಂದಕ್ಕೆ ತಳ್ಳಿದ. ನಿಮ್ಮ ಆನೆ ನಿಮಗೇ ಇರಲಿ ಎಂಬುದು ಅದರ ಅರ್ಥ. ಗುಂಡಿಯನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದ.

ಮುನಿರಾಜು ಆ ಪೇದೆ ಯಾಕೆ ಬಂತೆಂದು ಸ್ವಲ್ಪ ಹೊತ್ತು ನೋಡಿದರು. ಅವರ ಕಣ್ಣು ಅಲ್ಲಿಂದ ಒಂಟೆಗೆ ಬಂತು, ಒಂಟೆಯಿಂದ ಓರೆಯ ದಾರಿ ಹಿಡಿದು ಮೂಲೆಗೆ ಹೋಯಿತು. ತೊಡೆಯ ಮೇಲಿದ್ದ ಎಡಗೈ ಎದ್ದು ಎದೆಯ ಮೇಲೆ ಕೂತಿತು. ತಕ್ಷಣ ಆನೆಯನ್ನು ಪಕ್ಕದ ಮನೆಗೆ ಸರಿಸಿ, ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ಎಂಥ ನಟನೆ, ಅಂದುಕೊಂಡ ಬೆಟ್ಟಯ್ಯ.

ಅಲ್ಲಿಂದ ಮುಂದಕ್ಕೆ ಹೇಳುವಂಥದ್ದು ಹೆಚ್ಚಿಲ್ಲ. ಮುನಿರಾಜು ಅವರ ಕುದುರೆ ಅವನ ರಾಜನಿಗೂ ಒಂದು ಆನೆಗೂ ಒಟ್ಟಿಗೇ ಬಾಯಿ ಹಾಕಿತು. ರಾಜನನ್ನು ಉಳಿಸಿಕೊಂಡು ಆನೆಯನ್ನು ಕಳೆದುಕೊಂಡ. ಕಳೆದುಕೊಂಡಾಗ ಕೈ ತನ್ನಷ್ಟಕ್ಕೆ ತಾನೇ ಹಣೆಗೆ ಹೋಯಿತು. ಸಮಯವೂ ಇರಲಿಲ್ಲ, ಇದ್ದಿದ್ದರೂ ಯೋಚಿಸಲು ಏನೂ ಉಳಿದಿರಲಿಲ್ಲ. ಕೆಂಪು ಬಾವುಟ ಬೀಳುವುದಕ್ಕೂ ರಾಜನಿಗೆ ಮೇಟ್ ಆಗುವುದಕ್ಕೂ ಪೈಪೋಟಿ ನಡೆದು ಮೇಟ್ ಮೊದಲು ಬಂತು.

ಮಂಟಪದ ಎದುರಿನ ಅಂಗಡಿಯಲ್ಲಿ ಮುನಿರಾಜು ಇಬ್ಬರಿಗೂ ಕಾಫಿ ಹೇಳಿದರು. ಲೋಟ ಕೈಗೆ ಬಂದ ಮೇಲೂ ಕುಡಿಯದೆ ನಿಂತಿದ್ದವರು ಕೇಳಿದರು:

"ಒಂದ್ ಮಾತು ಕೇಳ್ತೀನಿ ಬೆಟ್ಟಯ್ಯನೋರೆ. ಆ ಆನೆ ಯಾಕ್ರೀ ಹೊಡೀಲಿಲ್ಲ?"

"ನೀವು ಯಾಕೆ ಬಿಟ್ರಿ ಸಾರ್?"

"ಕಾಣ್ಲಿಲ್ಲ ಕಣ್ರೀ. ಸೈಕಲ್ ಬಿದ್ದ ಸದ್ದಿಗೆ ಆ ಕಡೆ ತಿರುಗ್ದೆ, ಲೆಕ್ಕ ತಪ್ಪೋಯ್ತು. ನೀವು ಆ ಪೇದೆ ತಳ್ಳಿದ ಮೇಲೇ ನನಗೆ ಗೊತ್ತಾಗಿದ್ದು. ಎದೆ ನಿಂತೋದಂಗಾಯ್ತು."

ಬೆಟ್ಟಯ್ಯ ಅವರ ಮುಖವನ್ನೇ ನೋಡಿದ. ಅಲ್ಲಿ ನಟನೆಯ ಒಂದು ಗೆರೆಯೂ ಇರಲಿಲ್ಲ. ಕತ್ತಿನ ಬೆವರು ಇನ್ನೂ ಆರಿರಲಿಲ್ಲ.

"ನಾನು... ನೀವು ಬೇಕಂತ ಬಿಟ್ಕೊಡ್ತಾ ಇದೀರಿ ಅನ್ಕೊಂಡೆ. ಅಮ್ಮಾವ್ರು ಬೆಳಿಗ್ಗೆ ಹೇಳಿದ್ರಲ್ಲ."

"ಅವಳ ಮಾತಿಗಾ? ಅವಳಿಗೆ ಆನೆ ಯಾವ್ದು ಒಂಟೆ ಯಾವ್ದು ಅಂತಾನೇ ಗೊತ್ತಿಲ್ಲ." ಮುನಿರಾಜು ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅಲ್ರೀ, ಆಡೋಕೆ ಕೂತ ಮೇಲೆ ಯಾರಾದ್ರೂ ಬೇಕಂತ ಸೋಲ್ತಾರಾ?"

ಬೆಟ್ಟಯ್ಯ ಕಾಫಿಯ ನೊರೆ ಊದಿದ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಬೆಳಿಗ್ಗೆ ಅವನಿಗೆ ಆದ ಅನಾಹುತಗಳ ಮೇಲೆ ಇನ್ನೊಂದಾದರೆ ವ್ಯತ್ಯಾಸವೇನೂ ಕಾಣಲಿಲ್ಲ.

"ನಾನು ಸೋಲ್ತಿದ್ದೆ ಸಾರ್. ಮನೇಲಿ. ನಿಮ್ಮ ಜೊತೆ. ಬೇಕಂತ," ಎಂದ. "ಹಂಗಂತ ಎಲ್ರಿಗೂ ಹೇಳ್ಕೊಂಡಿದೀನಿ."

ಮುನಿರಾಜು ಲೋಟ ಕೆಳಗಿಟ್ಟರು. ಬಹಳ ಹೊತ್ತು ಯೋಚಿಸಿದರು, ಬೋರ್ಡಿನ ಮುಂದೆ ಯೋಚಿಸುವ ಹಾಗೆಯೇ.

"ಎಲ್ಲಾ ಆಟಾನೂ?"

"ಮೊದಲ್ನೇದು ಬಿಟ್ಟು."

"ಇವತ್ತಿಂದು?"

"ಇವತ್ತು ಗೆಲ್ಲೋಕೆ ಅಂತಾನೇ ಬಂದಿದ್ದೆ."

ಮುನಿರಾಜು ನಗುತ್ತಾರೆ ಅಂದುಕೊಂಡಿದ್ದ. ಅವರು ನಗಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, ಅಂಗಡಿಗೆ ಬಂದ ಗಿರಾಕಿಗೆ ಪೈಪಿನ ಅಳತೆ ಹೇಳುವಷ್ಟೇ ಸಹಜವಾಗಿ, "ಹಂಗಾದ್ರೆ ನಾಳೆಯಿಂದ ಮನೇಲೂ ಬೇಕಂತ ಗೆಲ್ಲಿ ನೋಡೋಣ," ಎಂದರು.

ಸೋತವರಿಗೂ ಆಟವಿದ್ದ ಮಧ್ಯಾಹ್ನದ ಸುತ್ತಿನಲ್ಲಿ ಬೆಟ್ಟಯ್ಯ ಬ್ಯಾಂಕಿನವರೊಬ್ಬರ ಜೊತೆ ಡ್ರಾ ಮಾಡಿಕೊಂಡ. ಮುನಿರಾಜು ಸೋತರು. ಇಬ್ಬರೂ ಅದೇ ಸ್ಕೂಟರಿನಲ್ಲಿ ಮನೆಗೆ ಬಂದರು.

ತುಂಗಾ ಅಂಗಳದಲ್ಲಿ ಬಟ್ಟೆ ಎತ್ತುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ, ಬೀದಿಯಲ್ಲಿ ನಿಂತು ಕಾಫಿ ಕುಡಿದದ್ದರ ತನಕ. ಅವಳು ಒಂದೊಂದೇ ಬಟ್ಟೆಯನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಳ್ಳುತ್ತ ಕೇಳಿದಳು.

"ನಿಂಗೆ ಗೊತ್ತಿತ್ತಾ?" ಎಂದ ಕೊನೆಗೆ.

"ಏನು?"

"ನಾನು ಬಿಟ್ಕೊಡ್ತಾ ಇರ್ಲಿಲ್ಲ ಅಂತ."

"ಬಿಟ್ಕೊಟ್ಟೋರು ರಾತ್ರಿ ನಿದ್ದೇಲಿ 'ಕುದುರೆ ಹೋಯ್ತು, ಕುದುರೆ ಹೋಯ್ತು' ಅಂತ ಕನವರಿಸ್ತಾರಾ?" ಎಂದು ತುಂಗಾ ಒಳಗೆ ಹೋದಳು.

ಸೋಮವಾರ ಕಾರ್ಖಾನೆಯಲ್ಲಿ ಚಿಕ್ಕಹನುಮಯ್ಯ ಕಾದಿದ್ದ. ಬೆಟ್ಟಯ್ಯ ನಿಜ ಹೇಳುವ ಹುರುಪಿನಲ್ಲಿದ್ದ. ನೆಟ್ಟಗೆ ಸೋತೆ, ನನ್ನ ಕೈಲಿ ಆಗಲಿಲ್ಲ, ಸಿಕ್ಕ ಆನೆಯನ್ನೂ ಹೊಡೆಯಲಿಲ್ಲ ಎಂದ. ಚಿಕ್ಕಹನುಮಯ್ಯ ಅತ್ತಿತ್ತ ನೋಡಿ ಕಣ್ಣು ಮಿಟುಕಿಸಿದ. "ಟೂರ್ನಮೆಂಟಲ್ಲೂ ನಿನ್ನ ಅಭ್ಯಾಸ ಬಿಡ್ಲಿಲ್ವಲ್ಲ ಗುರು ನೀನು. ಆನೇನೇ ಬಿಟ್ಕೊಟ್ಟು ಬಂದಿದೀಯ. ದೊಡ್ಡ ಮನುಷ್ಯ," ಎಂದು ಇಡೀ ಸೆಕ್ಷನ್ನಿಗೆ ಹೇಳಿಕೊಂಡು ಬಂದ. ಬೆಟ್ಟಯ್ಯ ಎರಡು ದಿನ ಅದನ್ನು ಅಲ್ಲಗಳೆದ. ಅಲ್ಲಗಳೆದಷ್ಟೂ ಅವನ ವಿನಯದ ಕೀರ್ತಿ ಹೆಚ್ಚಿದ್ದರಿಂದ ಮೂರನೆಯ ದಿನ ಆ ಪ್ರಯತ್ನವನ್ನೇ ಕೈಬಿಟ್ಟ.

ಸಂಜೆಗಳಲ್ಲಿ ಜಗಲಿಯ ಆಟ ಮುಂದುವರಿಯಿತು. ಈಗ ಅವನು ಬೇಕೆಂದೇ ಗೆಲ್ಲಲು ಆಡುತ್ತಿದ್ದ, ಮತ್ತು ಸೋಲುತ್ತಿದ್ದ. ಸೋಲಿಗೆ ಈಗ ತ್ಯಾಗ ಅಂತ ಹೆಸರಿಡುವಂತಿಲ್ಲದ್ದರಿಂದ ಮೊದಮೊದಲು ಬಹಳ ನೋವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಆಮೇಲಾಮೇಲೆ ಒಂದು ವಿಚಿತ್ರ ನಡೆಯಿತು. ಸೋತ ಆಟವನ್ನು ಅವನು ಮತ್ತೆ ಜೋಡಿಸಿ ನೋಡತೊಡಗಿದ. ಎಲ್ಲಿ ತಪ್ಪಿತು ಎಂದು ಮುನಿರಾಜು ಅವರನ್ನೇ ಕೇಳತೊಡಗಿದ. ತಪ್ಪು ತನ್ನದೇ ಎಂದು ಗೊತ್ತಾದ ಮೇಲೆ ತಪ್ಪನ್ನು ಹುಡುಕುವುದು ಅಷ್ಟು ಕಷ್ಟವಾಗಿರಲಿಲ್ಲ. "ನೀವು ಕುದುರೆಗೆ ಹೆದರ್ತೀರಿ ಬೆಟ್ಟಯ್ಯನೋರೆ," ಎಂದು ಅವರು ಕಡಲೆಕಾಯಿ ಒಡೆಯುತ್ತ ಹೇಳಿದರು. "ಅದು ಹಾರೋಕೆ ಮುಂಚೆ ಅದರ ಮನೆ ಕಿತ್ಕೊಳ್ಳಿ."

ಗಣೇಶನ ಹಬ್ಬ ಕಳೆದ ಮೇಲಿನ ಒಂದು ಸಂಜೆ ಅವನು ಕುದುರೆಯ ಮನೆ ಕಿತ್ತುಕೊಂಡ. ಆಟ ಬಹಳ ಹೊತ್ತು ಎಳೆಯಿತು. ಕೊನೆಗೆ ಅವನ ಕಡೆ ಒಂದು ಪೇದೆ ಹೆಚ್ಚಿತ್ತು, ಅದು ಒಂದೊಂದೇ ಮನೆ ನಡೆದುಕೊಂಡು ತುದಿ ಮುಟ್ಟಿ ಮಂತ್ರಿಯಾಯಿತು. ಮುನಿರಾಜು ಬೋರ್ಡನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಆಮೇಲೆ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು.

ಮುನಿರಾಜು ಸಿಪ್ಪೆಗಳನ್ನು ಒಟ್ಟು ಮಾಡಿ, ಬೋರ್ಡನ್ನು ತಿರುಗಿಸಿ, ಕಾಯಿಗಳನ್ನು ಮತ್ತೆ ಜೋಡಿಸತೊಡಗಿದರು. ಹಿಂದಿನಿಂದ ತುಂಗಾ ಊಟಕ್ಕೆ ಕರೆದಳು. "ಬಂದೆ," ಎಂದವನು ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ತಟ್ಟೆಯ ಮುಂದೆ ಕೂತಾಗ ಅವಳು ಕೇಳಿದಳು, "ಏನಾಯ್ತು?"

"ಒಂದು ಗೆದ್ದೆ. ಒಂದು ಸೋತೆ."

"ಎರಡೂ ನಿಜವಾಗ್ಲೂನಾ?"

"ಎರಡೂ," ಎಂದ ಬೆಟ್ಟಯ್ಯ. ಅವಳು ಮುದ್ದೆಯ ಮೇಲೆ ಸಾರು ಬಿಟ್ಟಳು, ಅವನಿಗೆ ಚೆನ್ನಾಗಿ ಹಸಿವಾಗಿತ್ತು.